ಆರು ಮಿಲಿಮೀಟರಿನ ಲೆಕ್ಕ

ಹೋದ ವಾರ ತಿಪಟೂರಿನಲ್ಲಿ ನನ್ನ ಹಳೆಯ ಸ್ಕೂಟರನ್ನು ರಿಪೇರಿಗೆ ಕೊಂಡೊಯ್ದಿದ್ದೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಉದ್ದನೆಯ ಸ್ಕ್ರೂಡ್ರೈವರ್ ಇಳಿಬಿಟ್ಟು, ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತಿದ. ಸ್ಕ್ರೂಡ್ರೈವರ್ ತಾನಾಗಿಯೇ ಮೇಲೆದ್ದು ಮತ್ತೆ ಕೆಳಗಿಳಿಯಿತು. ಒಳಗೆ ಪಿಸ್ಟನ್ ಎಲ್ಲಿದೆ ಎಂದು ತಿಳಿಯುವ ಉಪಾಯ ಅದು. ನನಗೆ ಬಾಯಿ ಸುಮ್ಮನಿರಲಿಲ್ಲ. “ಕಬ್ಬಿಣ ಯಾಕಪ್ಪ, ಪಿಸ್ಟನ್ ತಲೆ ಗೀರ್ತದೆ. ತೆಂಗಿನ ಗರಿ ಕಡ್ಡಿ ಹಾಕು” ಎಂದುಬಿಟ್ಟೆ.

ಅವನು ನನ್ನ ನರೆತ ಕೂದಲನ್ನೂ ಕನ್ನಡಕವನ್ನೂ ನೋಡಿ, “ಇದೆಲ್ಲ ನಿಮಗ್ಯಾರು ಹೇಳ್ಕೊಟ್ರು ಮೇಡಂ?” ಎಂದ.

ಹೇಳಿಕೊಟ್ಟವರು ಚಿಕ್ಕನಾಯಕನಹಳ್ಳಿಯ ಲೇತಿನವರು, ಊರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದಾಗ ನಮ್ಮ ಬಾಡಿಗೆ ಮನೆಯ ಎದುರಿಗೇ, ಕಬ್ಬಿಣವನ್ನು ತಿರುಗಿಸುತ್ತ ತೆಳ್ಳಗೆ ಸವರಿ ತೆಗೆಯುವ ಅವರ ಲೇತ್ ಅಂಗಡಿ ಇತ್ತು. ಪಂಪಿನ ಶಾಫ್ಟು, ಟಿಲ್ಲರಿನ ಆಕ್ಸಲ್ಲು, ಎಣ್ಣೆ ಗಾಣದ ಬುಷ್ಷು, ಹೀಗೆ ತೋಟದವರು ತಂದು ಸುರಿದದ್ದನ್ನೆಲ್ಲ ಸರಿಮಾಡಿ ಕೊಡುತ್ತಿದ್ದರು. ಸ್ಕೂಲಿನಿಂದ ಬಂದವಳೇ ಕಾಫಿ ಲೋಟ ಹಿಡಿದು ಅವರ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಕಬ್ಬಿಣ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದನ್ನು ನೋಡುವುದೆಂದರೆ ನನಗೆ ಹುಚ್ಚು. ಟೀಚರಮ್ಮನಿಗೆ ಮನೆಯಲ್ಲಿ ಕೆಲಸವಿಲ್ಲ ಎಂದು ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ನಾನೂ ನಿಲ್ಲುತ್ತಿದ್ದೆ.

ಅಂಗಡಿಯ ಗೋಡೆಗೆ ಒಂದು ಕಡ್ಡಿಪೊರಕೆ ತೂಗುಹಾಕಿತ್ತು. ಅದರಲ್ಲಿ ಯಾರೂ ಕಸ ಗುಡಿಸುವಂತಿರಲಿಲ್ಲ. ಒಂದೊಂದು ಕಡ್ಡಿ ಒಂದೊಂದು ಎಂಜಿನ್ನಿನದು. ಪ್ಲಗ್ ತೂತಿನಲ್ಲಿ ಕಡ್ಡಿ ಇಳಿಬಿಟ್ಟು, ಪಿಸ್ಟನ್ ತೀರಾ ಮೇಲೆ ಬಂದಾಗ ಒಂದು ಗೀರು, ತೀರಾ ಕೆಳಗೆ ಹೋದಾಗ ಇನ್ನೊಂದು ಗೀರು ಹಾಕುತ್ತಿದ್ದರು. ಎರಡು ಗೀರಿನ ನಡುವಿನದೇ ಪಿಸ್ಟನ್ನಿನ ಓಟ. ಯಾವ ಎಂಜಿನ್ ಎಂದು ತಿಳಿಯಲು ಬುಡಕ್ಕೆ ಬಣ್ಣದ ದಾರ. ಪುಸ್ತಕದಲ್ಲಿ ಬರೆದಿಡಬಾರದೇ ಎಂದರೆ, “ಎಣ್ಣೆ ಕೈಯಿ ಕಣಮ್ಮ, ಬರ್ದಿದ್ದು ಅಳಿಸೋಯ್ತದೆ. ಕಡ್ಡಿ ಎಲ್ಲೋಯ್ತದೆ?” ಎನ್ನುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು.

ಒಂದು ದಿನ ತಿಪಟೂರಿನ ಕೊಬ್ಬರಿ ಮಂಡಿಯ ಸಾಹುಕಾರರು ತಮ್ಮ ತಂದೆಯ ಕಾಲದ ಪುಟ್ಟ ಕಾರನ್ನು ತಂದು ಅವರ ಬಾಗಿಲಲ್ಲಿ ನಿಲ್ಲಿಸಿದರು. ಕಂದಿಕೆರೆ ಕಡೆಯ ತೋಟಕ್ಕೆ ಹೋಗುವಾಗ ಏರಿನಲ್ಲಿ ಕಾರಿಗೆ ಏದುಸಿರು ಬರುತ್ತಿತ್ತಂತೆ. ಬೇರೆ ಎಂಜಿನ್ ಕೂರಿಸಲು ಅವರಿಗೆ ಮನಸ್ಸಿಲ್ಲ. ಲೇತಿನವರು ಎರಡು ದಿನ ಯೋಚಿಸಿ ಒಂದು ದಾರಿ ಹೇಳಿದರು. ಅದೇ ಕಂಪನಿಯ ದೊಡ್ಡ ಕಾರಿನ ಎಂಜಿನ್ ಇದರ ಅಣ್ಣನಂತೆ. ಅಳತೆಯೆಲ್ಲ ಹೆಚ್ಚುಕಡಿಮೆ ಒಂದೇ, ಪಿಸ್ಟನ್ನನ್ನು ಮೇಲೆ ಕೆಳಗೆ ಓಡಾಡಿಸುವ ಕ್ರ್ಯಾಂಕಿನ ಮೊಣಕೈ ಮಾತ್ರ ಉದ್ದ. ಅಣ್ಣನ ಕ್ರ್ಯಾಂಕನ್ನು ತಮ್ಮನಿಗೆ ಕೂರಿಸಿಬಿಡುವುದು!

“ಬರೀ ಕ್ರ್ಯಾಂಕ್ ಬದಲಾಯಿಸಿದರೆ ಎಂಜಿನ್ ಹೇಗಣ್ಣ ದೊಡ್ಡದಾಗ್ತದೆ?” ಎಂದು ಕೇಳಿದೆ.

“ಬಾವಿ ಅಗ್ಲ ಅಷ್ಟೇ ಕಣಮ್ಮ, ಆಳ ಮಾಡ್ತೀವಿ. ಪಿಸ್ಟನ್ ಜಾಸ್ತಿ ದೂರ ಓಡಾಡ್ತದೆ, ಜಾಸ್ತಿ ಪೆಟ್ರೋಲು ಗಾಳಿ ಎಳ್ಕತದೆ. ಇದೊಂದು ಆಗ್ಲಿ, ತಿಪಟೂರು ತುರುವೇಕೆರೆ ಕಾರೆಲ್ಲ ಈ ಬಾಗ್ಲಿಗೇ ಬತ್ತವೆ ನೋಡಿ.”

ಬುಷ್ಷು ಸವರಿ ಸವರಿ ಅವರಿಗೆ ಸಾಕಾಗಿತ್ತು. ಕಾರಿನ ಎಂಜಿನ್ ಕೆಲಸದವರು ಅನ್ನಿಸಿಕೊಳ್ಳಬೇಕೆಂಬುದು ಅವರ ಒಂದೇ ಆಸೆ.

ಗುಜರಿಯಲ್ಲಿ ಹುಡುಕಿ ಕ್ರ್ಯಾಂಕ್ ತಂದರು, ಅಳೆದರು, ಗ್ರೈಂಡಿಂಗಿಗೆಂದು ತುಮಕೂರಿಗೆ ಕಳಿಸಿದರು. ಅದು ಬರುವಷ್ಟರಲ್ಲಿ ಇನ್ನೊಂದು ಕೆಲಸ ಮುಗಿಯಬೇಕಿತ್ತು. ಓಟ ಹೆಚ್ಚಾದರೆ ಪಿಸ್ಟನ್ ಮೇಲಕ್ಕೆ ಬಂದು ಎಂಜಿನ್ನಿನ ಮುಚ್ಚಳಕ್ಕೆ, ಅಂದರೆ ಹೆಡ್ಡಿಗೆ, ಬಡಿಯುತ್ತದೆ. ಆದ್ದರಿಂದ ಪಿಸ್ಟನ್ ತಲೆಯನ್ನು ಮೊದಲೇ ಸವರಬೇಕು. ಇದ್ದದ್ದು ನಾಲ್ಕೇ ಪಿಸ್ಟನ್, ಹೊಸದು ಎಲ್ಲಿಯೂ ಸಿಗುತ್ತಿರಲಿಲ್ಲ. ಸಾಹುಕಾರರಿಗೋ ಅವಸರ. ಎಂಜಿನ್ ಜೋಡಿಸದೆ ಕಡ್ಡಿ ಹಾಕಿ ನೋಡುವಂತಿರಲಿಲ್ಲ. ಸಂಜೆ ಲೇತಿನವರು ನಮ್ಮ ಜಗಲಿಗೆ ಬಂದು ಕೂತರು.

“ಹಳೇ ಓಟ ಎಪ್ಪತ್ತಾರು, ಹೊಸದು ಎಂಬತ್ತೆರಡು ಮಿಲಿಮೀಟರು. ಎಷ್ಟು ಸವರಾನ ಟೀಚರಮ್ಮ? ನಂಗ್ಯಾಕೋ ಮೂರು ಸಾಕು ಅನ್ನಿಸ್ತದೆ.”

ನಾನು ನಕ್ಕೆ. “ಎಂಬತ್ತೆರಡರಲ್ಲಿ ಎಪ್ಪತ್ತಾರು ಕಳೆದರೆ ಆರಲ್ಲವೇನಣ್ಣ? ಮೂರು ಎಲ್ಲಿಂದ ಬಂತು?”

ಅವರೂ ನಕ್ಕರು. “ಓದಿರೋರು ನೀವು” ಎಂದು ಎದ್ದು ಹೋದರು. ಆ ನಗು ಈಗ ನೆನಪಾದರೆ...

ಕ್ರ್ಯಾಂಕ್ ಬಂತು, ಎಂಜಿನ್ ಜೋಡಣೆಯಾಯಿತು. ಮಾರನೆಯ ದಿನ ಕೈಯಲ್ಲೊಂದು ಕಡ್ಡಿ ಹಿಡಿದು ಅವರೇ ಬಂದರು. ಮುಖದಲ್ಲಿ ಕೋಪವಿರಲಿಲ್ಲ, ಹೊಸದೇನನ್ನೋ ಕಂಡ ಬೆರಗಿತ್ತು. “ನೋಡಿ ಟೀಚರಮ್ಮ. ಕ್ರ್ಯಾಂಕು ಸುತ್ತೋದಲ್ವ? ಆರು ಜಾಸ್ತಿ ಆದ್ರೆ ಮೂರು ಮೇಲಕ್ಕೆ, ಮೂರು ಕೆಳಕ್ಕೆ.” ಕಡ್ಡಿಯ ಗೀರು ಅದನ್ನೇ ಹೇಳುತ್ತಿತ್ತು. ಓಟ ವ್ಯಾಸವಾದರೆ, ಮೇಲಕ್ಕೆ ಹೆಚ್ಚುವುದು ತ್ರಿಜ್ಯದಷ್ಟೇ. ಮಕ್ಕಳಿಗೆ ವೃತ್ತ, ವ್ಯಾಸ, ತ್ರಿಜ್ಯ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು ನಾನು.

ಪಿಸ್ಟನ್ ಮೂರು ಮಿಲಿಮೀಟರ್ ಹೆಚ್ಚು ಸವೆದು ಮೇಲೆ ಖಾಲಿ ಜಾಗ ಉಳಿದಿತ್ತು. ಗಾಳಿಯನ್ನು ಒತ್ತುವ ಬಿಗಿ ಇಲ್ಲವಾಗಿ, ದೊಡ್ಡದಾದ ಎಂಜಿನ್ ಚಿಕ್ಕದಕ್ಕಿಂತ ಸಪ್ಪೆಯಾಯಿತು. ಏರಿನ ಅರ್ಧದಲ್ಲೇ ಕಾರು ನಿಂತಿತು. ಹೆಡ್ ಸವರಿ ಸರಿಮಾಡಿಕೊಡುತ್ತೇನೆಂದರೂ ಸಾಹುಕಾರರು ಕೇಳದೆ ಗಾಡಿ ಎಳೆಸಿಕೊಂಡು ಹೋದರು. ತಪ್ಪು ನನ್ನದೆಂದು ನಾನೇ ಹೋಗಿ ಹೇಳುತ್ತೇನೆ ಎಂದೆ.

“ಬುಡಿ ಟೀಚರಮ್ಮ” ಎಂದರು ಲೇತಿನವರು. “ಲೆಕ್ಕದ ಟೀಚರು ಲೆಕ್ಕ ತಪ್ಪಿದ್ರು ಅಂದ್ರೆ ನಾಳೆ ಮಕ್ಳು ನಿಮ್ಮ ಮಾತು ಕೇಳ್ತಾವಾ?”

ನಾನು ಬಿಟ್ಟೆ. ಬಿಡು ಅಂದದ್ದೇ ಸಾಕೆಂದು ಬಿಟ್ಟೆ. ಆಮೇಲೆ ಅವರ ಬಾಗಿಲಿಗೆ ಒಂದು ಕಾರೂ ಬರಲಿಲ್ಲ, ಬುಷ್ಷುಗಳೇ ಬಂದವು. ಅವರ ಮಗಳು ನನ್ನ ಕ್ಲಾಸಿನಲ್ಲೇ ಇದ್ದಳು. “ನಿಮ್ಮಪ್ಪ ಕಾರ್ ಕೆಡಿಸ್ದ ಕಣೇ” ಎಂದು ಜೊತೆಯವರು ಅವಳನ್ನು ಅಳಿಸಿದ ದಿನ ನಾನು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿಕೊಂಡೆ.

ವರ್ಗವಾಗಿ ಆ ಊರು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಸ್ಕೂಟರ್ ಸರಿಹೋದ ಮರುದಿನವೇ ಚಿಕ್ಕನಾಯಕನಹಳ್ಳಿಗೆ ಹೋದೆ. ಲೇತಿನವರು ತೀರಿಕೊಂಡು ಎಂಟು ತಿಂಗಳಾಗಿತ್ತು... ಅಂಗಡಿಯಲ್ಲಿ ಮೊಬೈಲ್ ಮಾರುತ್ತಿದ್ದರು. ಅದರ ಹಿಂದುಗಡೆಯ ಮನೆಯಲ್ಲಿ ಮಗಳು ಸಿಕ್ಕಳು. ಕಾಫಿ ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು:

“ಅಪ್ಪ ನಿಮ್ಮನ್ನ ಬಾಳ ನೆನೆಸ್ಕೊತಿದ್ರು ಮಿಸ್. ಟೀಚರಮ್ಮ ಮೂರು ಅಂತ ಸರಿಯಾಗೇ ಹೇಳಿದ್ರು, ನನ್ನ ಕೈಯೇ ಜಾಸ್ತಿ ಸವರಿಬುಡ್ತು ಅಂತಿದ್ರು.”

ಲೋಟ ಕೆಳಗಿಟ್ಟೆ. “ಇಲ್ಲಮ್ಮ. ಮೂರು ಅಂದಿದ್ದು ನಿಮ್ಮಪ್ಪ. ಆರು ಅಂದವಳು ನಾನು.”

“ಅಂದ್ರೆ ಅಪ್ಪಂಗೆ ಮೊದ್ಲೇ ಗೊತ್ತಿತ್ತಾ ಮಿಸ್?”

“ಗೊತ್ತಿತ್ತಮ್ಮ. ಅವರಿಗೊಬ್ಬರಿಗೇ ಗೊತ್ತಿತ್ತು.”

ಅವಳ ಕಣ್ಣು ತುಂಬಿತು, ನನ್ನದೂ. ಅವರು ಬದುಕಿದ್ದಾಗಲೇ ಈ ಒಂದು ಮಾತನ್ನು ಹೇಳಲು ನನಗೆ ಇಪ್ಪತ್ತು ವರ್ಷಗಳಿದ್ದವು.