ಹುಣಸೆಹುಳಿಗೆ ಸೋತ ದೀಪ

ಸಾವಿರದ ನಾನೂರು ವರ್ಷ ಉಳಿದು ಬಂದ ದೀಪವೊಂದು ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನ ಸಿಂಕಿನಲ್ಲಿ ಎರಡೇ ದಿನಕ್ಕೆ ಸೋತಿತು. ಸೋಲಿಸಿದ್ದು ನನ್ನ ಅಮ್ಮ. ಆಯುಧ, ಇಲ್ಲಿನ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ನಿಂದ ತರಿಸಿದ ಹುಣಸೆಹುಳಿ.

ನನಗೊಂದು ಹುಚ್ಚಿದೆ. ಇಸ್ತಾಂಬುಲ್ ಇನ್ನೂ ಕಾನ್‌ಸ್ಟಾಂಟಿನೋಪಲ್ ಆಗಿದ್ದ ಬೈಜಾಂಟಿನ್ ಕಾಲದ ಕ್ರೈಸ್ತ ದೀಪಗಳನ್ನು ಕೂಡಿಡುತ್ತೇನೆ. (ಉಡುಪಿಯವನಿಗೆ ಇದೆಲ್ಲ ಯಾಕೆ ಎಂದು ಕೇಳಬೇಡಿ. ಅಂಚೆಚೀಟಿ ಕೂಡಿಡುವವರನ್ನು ಯಾರೂ ಹಾಗೆ ಕೇಳುವುದಿಲ್ಲ.) ಕಪಾಟಿನಲ್ಲಿದ್ದದ್ದು ಮೂರು ಮಣ್ಣಿನ ಹಣತೆ. ಹಿಡಿಯ ಮೇಲೆ ಶಿಲುಬೆ ಇರುವ ಕಂಚಿನದೊಂದು ಬೇಕಿತ್ತು. ಲಂಡನ್ನಿನ ವ್ಯಾಪಾರಿಯೊಬ್ಬನ ಬಳಿ ಸಿಕ್ಕಿತು. ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದಪತ್ರ ನೋಡಿ, ರಫ್ತಿನ ಅನುಮತಿಗೆ ಕಾದು, ವಿಮಾನಗಳು ನಿಂತಿದ್ದರಿಂದ ಇನ್ನಷ್ಟು ಕಾದು, ಒಂದು ವರ್ಷವೇ ಹೋಯಿತು.

ಅದು ಬಂದ ದಿನ ನಾನು ರೂಮಿನೊಳಗೆ ಕೈದಿ. ಕಾಲೇಜಿನ ಸಹೋದ್ಯೋಗಿಗೆ ಪಾಸಿಟಿವ್, ನನಗೆ ಕ್ವಾರಂಟೀನ್.

ಬಾಗಿಲಾಚೆಯಿಂದ ಅಮ್ಮ ಕೂಗಿದರು, "ಪಾರ್ಸೆಲ್ ಬಂದಿದೆ ಮಾರಾಯ. ಎಂತ ಮಾಡುದು?"

ದಿನಸಿ ಇರಬೇಕು ಅಂದುಕೊಂಡೆ. ಆನ್‌ಲೈನ್ ಕ್ಲಾಸ್ ನಡೆಯುತ್ತಿತ್ತು. "ಫ್ರಿಜ್ ಮೇಲೆ ಬರ್ದಿದೆಯಲ್ಲ ಅಮ್ಮ, ಹಾಗೇ ಮಾಡು" ಅಂದೆ.

ಫ್ರಿಜ್ ಮೇಲಿನ ಚೀಟಿ ನನ್ನದೇ. 'ಹೊರಗಿನಿಂದ ಬಂದ ಯಾವುದೂ ತೊಳೆಯದೆ ಒಳಗೆ ಬರಕೂಡದು.' ಮೈಕ್ರೋಬಯಾಲಜಿ ಮೇಷ್ಟ್ರ ಮನೆ ನೋಡಿ, ಟೊಮೆಟೊಗೂ ಸ್ನಾನ, ಹಾಲಿನ ಪ್ಯಾಕೆಟ್ಟಿಗೂ ಸ್ನಾನ. ಮೂರು ತಿಂಗಳಿಗೆಂದು ಬಂದ ಅಮ್ಮ ಎರಡನೇ ವರ್ಷವೂ ಇಲ್ಲೇ ಸಿಕ್ಕಿಬಿದ್ದಿದ್ದರು. (ಆಗೊಮ್ಮೆ ಈಗೊಮ್ಮೆ ಹೊರಡುವ ವಿಶೇಷ ವಿಮಾನಕ್ಕೆ ಈ ವಯಸ್ಸಿನಲ್ಲಿ ಒಬ್ಬರನ್ನೇ ಹತ್ತಿಸುವ ಧೈರ್ಯ ನನಗಿರಲಿಲ್ಲ.) ಒಂದು ದಿನ ಅವರು ಕಣ್ಣೀರಿಟ್ಟಾಗ ಸಮಾಧಾನಕ್ಕೆಂದು ಹೇಳಿದ್ದೆ, "ಈ ಚೀಟಿ ತೆಗೆದ ದಿನ ನಿನ್ನನ್ನು ಊರಿಗೆ ಕಳಿಸ್ತೇನೆ." ಅಂದಿನಿಂದ ಅವರು ಆ ಚೀಟಿಯನ್ನು ಪಂಚಾಂಗದ ಹಾಗೆ ದಿನಾ ನೋಡುತ್ತಿದ್ದರು.

ಕ್ವಾರಂಟೀನ್ ಮುಗಿಸಿ ಹೊರಬಂದರೆ, ದೇವರ ಮುಂದೆ ಫಳಫಳ ಹೊಳೆಯುವ ದೀಪ. ಹಿಡಿಯಲ್ಲಿ ಶಿಲುಬೆ. ಎಣ್ಣೆ, ಬತ್ತಿ ಹಾಕಿ ಹಚ್ಚಿಯೂ ಆಗಿತ್ತು.

"ಕಿಲುಬು ಹಿಡಿದು ಹಸಿರಾಗಿತ್ತು. ಸೋಪಲ್ಲಿ ಹೋಗ್ಲೇ ಇಲ್ಲ" ಎಂದರು ಅಮ್ಮ, ಹೆಮ್ಮೆಯಿಂದ. "ಹುಳಿಯಲ್ಲಿ ಎರಡು ದಿನ ನೆನೆಸಿಟ್ಟೆ. ನಿಂಗೆ ಮಾರಿದವ ಒಮ್ಮೆಯಾದ್ರೂ ತಿಕ್ಕಬಾರದಿತ್ತಾ?"

ಶತಮಾನಗಳಿಂದ ಕೂತ ಆ ಹಸಿರೇ ಹಳೆಯ ಕಂಚಿನ ಜೀವ ಎಂದು ಯಾವ ಬಾಯಲ್ಲಿ ಹೇಳಲಿ? ಫೋಟೊ ನೋಡಿದ ಗೆಳೆಯ ಲಿಮ್, ನನ್ನಂತೆಯೇ ಹಳೆಯದರ ಹುಚ್ಚಿನವರು, ಕೂಡಲೇ ಫೋನ್ ಮಾಡಿದರು. "ಸಾರಿ ಡಾಕ್ಟರ್. ನೌ ಲುಕ್ಸ್ ಬ್ರ್ಯಾಂಡ್ ನ್ಯೂ ಲಾ" ಅಂದರು, ಇಲ್ಲಿಯವರ ಇಂಗ್ಲಿಷಿನಲ್ಲಿ.

ಅಮ್ಮನನ್ನು ಬೈಯಲೇ? ಹೇಳಿದಂತೆ ಕೇಳಿದ್ದು ಅವರ ತಪ್ಪೇ? ವಸ್ತುಗಳಿಂದ ಈ ರೋಗ ಅಷ್ಟೇನೂ ಹರಡುವುದಿಲ್ಲ ಎಂದು ನಾನೇ ಪಾಠ ಮಾಡಿ ತಿಂಗಳುಗಳಾಗಿದ್ದವು. ಮನೆಯ ಚೀಟಿ ಮಾತ್ರ ಹಾಗೇ ಇತ್ತು. ನಿಜ ಹೇಳುತ್ತೇನೆ, ದುಃಖಕ್ಕಿಂತ ಸುಸ್ತೇ ಹೆಚ್ಚಾಗಿತ್ತು. ಎಷ್ಟೂಂತ ತೊಳೆಯುವುದು, ಎಷ್ಟೂಂತ ಕಾಯುವುದು?

ಫ್ರಿಜ್ ಬಳಿ ಹೋಗಿ ಚೀಟಿ ಕಿತ್ತೆ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೆಲ್ಲಗೆ ಕೇಳಿದರು, "ಹಾಗಾದ್ರೆ ನನ್ನ ಸೂಟ್‌ಕೇಸ್ ಇಳಿಸಿ ಕೊಡ್ತೀಯಾ ಮಗ?"