ಮುನ್ನೂರ ನಲವತ್ತೈದನೇ ಸಾಲು

ಹುಡುಗಿಯ ಜಾತಕ ಕಂಡ ಕೂಡಲೇ ನನಗೆ ಸಂಶಯ. ಬ್ರಹ್ಮಾವರದ ಹೆಣ್ಣಿನವರು ಕಳಿಸಿದ ಕಾಗದದಲ್ಲಿ ಪೂರ್ವಾಷಾಢ ನಕ್ಷತ್ರ ಎಂದಿತ್ತು. ಹುಟ್ಟಿದ ಹೊತ್ತು ನೋಡಿದರೆ ಮೂಲಾ ನಕ್ಷತ್ರಕ್ಕೆ ತಾಗಿಕೊಂಡೇ ಇದೆ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗುವುದಿಲ್ಲ ಎನ್ನುವ ಮಾತು ನಮ್ಮ ಕಡೆ ಇನ್ನೂ ಗಟ್ಟಿ. ಇಲ್ಲಿ ಮಾವನಾಗುವವರು ನನ್ನ ಗಂಡ, ಮೊದಲೇ ಪುಕ್ಕಲು ಜೀವ. "ಮೂಲಾ ಆದ್ರೆ ಬೇಡ" ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು. ಬೈಂದೂರಿನ ಬ್ಯಾಂಕಿನಲ್ಲಿರುವ ಮಗನೋ, ಮದುವೆ ಅಂತಾದರೆ ಇವಳನ್ನೇ ಎಂದು ಕೂತಿದ್ದ.

ಜೋಯಿಸರನ್ನು ನಾನು ನಂಬುವವಳಲ್ಲ. ನಂಬುವುದು ಅಪ್ಪಯ್ಯನ ಪ್ರೋಗ್ರಾಮನ್ನು. ಕೋಟದಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಅಪ್ಪಯ್ಯ, ಟೀವಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರಿನಲ್ಲಿ ನಕ್ಷತ್ರ ಲೆಕ್ಕ ಹಾಕುವ ಪ್ರೋಗ್ರಾಮನ್ನು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದರು. ಪರೀಕ್ಷೆಯಲ್ಲಿ ಸ್ವಂತ ಮಗಳಿಗೂ ಅರ್ಧ ಅಂಕ ಬಿಟ್ಟುಕೊಡದ ಮನುಷ್ಯ. ನನ್ನ ಮದುವೆಯ ಜಾತಕವನ್ನೂ ಅದರಲ್ಲೇ ತೆಗೆದಿದ್ದರು. ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಗಂಡಿನವರು ಮರುಮಾತಿಲ್ಲದೆ ಒಪ್ಪಿದರು.

ಆ ಕಂಪ್ಯೂಟರ್ ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಪ್ರೋಗ್ರಾಮ್ ಬರೆದ ನೋಟ್‌ಬುಕ್ ಮಾತ್ರ ಕುಂದಾಪುರದ ನಮ್ಮ ಮನೆಯ ಕಪಾಟಿನಲ್ಲಿತ್ತು. ಆ ಭಾಷೆಯನ್ನು ಓದಿ ನಡೆಸುವ ಬೇಸಿಕ್ ಇಂಟರ್‌ಪ್ರಿಟರ್ ಒಂದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಮಧ್ಯಾಹ್ನವಿಡೀ ಕೂತು ನೋಟ್‌ಬುಕ್ಕಿನ ಸಾಲುಗಳನ್ನು ಟೈಪ್ ಹೊಡೆದೆ. ಸಾಲುಗಳ ಸಂಖ್ಯೆ ಹತ್ತು, ಇಪ್ಪತ್ತು, ಮೂವತ್ತು ಎಂದು ಹೋಗುತ್ತದೆ, ಮುಂದೆ ನಡುವೆ ಏನಾದರೂ ಸೇರಿಸಬೇಕಾದರೆ ಜಾಗ ಇರಲಿ ಎಂದು. ಹೊಸ ಸಾಲನ್ನು ಯಾವಾಗ ಹೊಡೆದರೂ ಇಂಟರ್‌ಪ್ರಿಟರ್ ಸಂಖ್ಯೆ ನೋಡಿ ಅದರ ಜಾಗದಲ್ಲಿ ಕೂರಿಸಿಕೊಳ್ಳುತ್ತದೆ.

ಪರೀಕ್ಷೆಗೆಂದು ಮೊದಲು ನನ್ನದೇ ತಾರೀಖು, ಹೊತ್ತು ಕೊಟ್ಟೆ. ಬರಬೇಕಾದ್ದು 20, ಅಂದರೆ ಇಪ್ಪತ್ತನೇ ನಕ್ಷತ್ರ, ಪೂರ್ವಾಷಾಢ. ಬಂದದ್ದು 19. ಮೂಲಾ.

ಥತ್, ಪುಕ್ಕಟೆ ಸಿಕ್ಕಿದ ಇಂಟರ್‌ಪ್ರಿಟರ್ ಇಷ್ಟೇ ಎಂದುಕೊಂಡೆ. ಗಂಡನದ್ದು ಕೊಟ್ಟೆ, ಸರಿ ಬಂತು. ಮಗನದ್ದೂ ಸರಿ. ಹುಡುಗಿಯದ್ದು ಕೊಟ್ಟೆ, 19. ಕಳ್ಳರು, ಸಿಕ್ಕಿಬಿದ್ದರಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆದರೆ ನನ್ನದೊಂದೇ ಯಾಕೆ ತಪ್ಪಬೇಕು? ಯಾವುದೋ ಸಾಲು ಬಿಟ್ಟಿರಬೇಕೆಂದು ನೋಟ್‌ಬುಕ್ಕನ್ನು ಮೊದಲಿಂದ ತಿರುವಿದೆ. ಹಿಂಬದಿಯ ರಟ್ಟಿನ ಒಳಮೈಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದೇ ಒಂದು ಸಾಲು ಸಿಕ್ಕಿತು, 345. ಹುಟ್ಟಿದ ತಾರೀಖು ಇಂಥದ್ದಾದರೆ ಉತ್ತರ 20 ಎಂದು ಹೇಳು, ಇಷ್ಟೇ ಅದರ ಅರ್ಥ. ತಾರೀಖು ನನ್ನದು.

ಅರ್ಧ ಅಂಕ ಕೊಡದ ಅಪ್ಪಯ್ಯ! ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು. ನನ್ನ ಮಾವ ತೊಂಬತ್ತು ದಾಟಿ, ಕೊನೆಯ ದಿನದವರೆಗೂ ನಾನು ಬಡಿಸಿದ ಗಂಜಿಯನ್ನೇ ಉಂಡು ಹೋದವರು.

ಅಷ್ಟರಲ್ಲಿ ಜಗಲಿಯಿಂದ ಇವರ ಸ್ವರ, "ಎಂತ ಬಂತ್ ಮಾರಾಯ್ತಿ?"

"ಸ್ವಲ್ಪ ನಿಲ್ಲಿ, ಒಂದ್ ಸಾಲ್ ಬಿಟ್ ಹೋಯ್ತ್" ಎಂದೆ. 345 ಹೊಡೆದೆ. ಅದರ ಕೆಳಗೆ ಹುಡುಗಿಯ ತಾರೀಖು ಹಾಕಿ 346 ಹೊಡೆದೆ.

ಇವರು ಬಂದರು. ನನ್ನ ಮೇಲೂ ನಂಬಿಕೆಯಿಲ್ಲ. ಕನ್ನಡಕ ಏರಿಸಿ, ಹುಡುಗಿಯ ತಾರೀಖು, ಹೊತ್ತನ್ನು ಒಂದೊಂದೇ ಅಂಕಿಯಾಗಿ ತಾವೇ ಒತ್ತಿದರು. 20 ಬಂತು. ಅಶ್ವಿನಿ, ಭರಣಿ ಎಂದು ಬೆರಳು ಮಡಚಿ ಇಪ್ಪತ್ತರವರೆಗೆ ಎಣಿಸಿಕೊಂಡರು.

"ನಿಂದೇ ನಕ್ಷತ್ರ ಅಲ್ದಾ?" ಎಂದು ನಿರಾಳವಾಗಿ ಕೇಳಿದರು.

"ಹೌದ್, ನಂದೇ" ಎಂದೆ.