ನಕಾಶೆಯಲ್ಲಿ ಮುಳುಗಿದ ಮನೆ

“ನಿಮ್ಮ ಫೋನಿನ್ಯಾಗ ನನ್ನ ಮನಿ ಹೊಳ್ಯಾಗೈತಿ. ಬಂದು ನೋಡ್ರಿ, ನನ್ನ ಕಾಲು ತೊಯ್ದಾವೇನು?”

ಹುನಗುಂದ ತಾಲ್ಲೂಕಿನ ಪುನರ್ವಸತಿ ಊರೊಂದರಲ್ಲಿ ಎಮ್ಮೆ ಸಾಕಿರುವ ಯಲ್ಲವ್ವ ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರು. ಪಶುವೈದ್ಯರನ್ನು ಮನೆಗೆ ಕರೆಸುವ ಆ್ಯಪ್ ಮಾಡಿದವಳು ನಾನು. ಹಿಂದಿನ ದಿನ ಎಮ್ಮೆ ಈಯಲಾರದೆ ಒದ್ದಾಡುವಾಗ ಅವರು ಕರೆಸಿದ ವೈದ್ಯರು, ಆ್ಯಪ್ ತೋರಿಸಿದ ಜಾಗವನ್ನೇ ನಂಬಿ ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಹೋಗಿದ್ದರು. ಅಲ್ಲಿಂದ ಮನೆ ಹುಡುಕಿ ಬರುವಷ್ಟರಲ್ಲಿ ಕರು ಎಮ್ಮೆಯ ಹೊಟ್ಟೆಯಲ್ಲೇ ಸತ್ತಿತ್ತು.

ಕ್ಷಮೆ ಕೇಳಿದೆ. ಸದ್ಯಕ್ಕೆ ಆ್ಯಪ್‌ನಲ್ಲಿ ಪಕ್ಕದ ಊರಿನ ಹೆಸರು ಹಾಕಿಕೊಳ್ಳಿ ಎಂದೆ.

“ಮುಳುಗಡಿ ಅಂತ ಒಮ್ಮಿ ಊರು ಬಿಟ್ಟು ಎದ್ದು ಬಂದೇವಿ. ನಿಮ್ಮ ಫೋನಿನ ಸಲುವಾಗಿ ಇನ್ನೊಮ್ಮಿ ಏಳೂದಿಲ್ಲ. ನಕಾಶಿ ನೀವಽ ತಿದ್ರಿ,” ಎಂದು ಫೋನ್ ಇಟ್ಟರು.

ಮರುದಿನವೇ ಬಾಗಲಕೋಟೆಯಿಂದ ಹೊರಟೆ. ಅವರ ಅಂಗಳದಲ್ಲಿ ಕೂತು ಹುಡುಕಿದಾಗ ತಪ್ಪು ಸಿಕ್ಕಿತು. ಆ್ಯಪ್ ಫೋನ್ ಇರುವ ಜಾಗವನ್ನು ಬಿಟ್ಟು, ಊರಿನ ಹೆಸರು ಹಿಡಿದು, ಅದೇ ಹೆಸರಿನ ಮುಳುಗಿದ ಹಳೆಯ ಊರನ್ನು ತೋರಿಸುತ್ತಿತ್ತು. ತಿದ್ದಿದೆ. ನಕಾಶೆಯಲ್ಲಿ ಮನೆ ತೋರಿಸುವ ಚುಕ್ಕೆ ಅವರ ಹೊಸ್ತಿಲ ಮೇಲೆ ಬಂದು ನಿಂತಿತು. ಯಲ್ಲವ್ವ ನಗಲಿಲ್ಲ. “ಮೊದಲಽ ಬರಬೇಕಿತ್ತು,” ಎಂದು ಚಹಾ ಕೊಟ್ಟರು.

ಜಾಗ ತಪ್ಪು ತೋರಿಸುತ್ತಿದೆ ಎಂದು ಈಗ ಯಾರಾದರೂ ಕರೆ ಮಾಡಿದರೆ, ಪಕ್ಕದ ಊರಿನ ಹೆಸರು ಹಾಕಿಕೊಳ್ಳಿ ಎನ್ನುವುದಿಲ್ಲ. ಆ ಜಾಗದಲ್ಲಿ ನಾನೇ ಹೋಗಿ ನಿಲ್ಲುತ್ತೇನೆ.